ಕಬ್ಬಿಣದ ಗೆರೆ

ಸಿಲಿಕಾನ್ ಬಿಲ್ಲೆಯೊಳಗೆ ಬೆರೆತ ಒಂದಿಷ್ಟೇ ಇಷ್ಟು ಕಬ್ಬಿಣವನ್ನು, ಅದು ಹೊರಚಿಮ್ಮುವ ಎಲೆಕ್ಟ್ರಾನುಗಳನ್ನು ಎಣಿಸಿ ಹಿಡಿದುಕೊಡುವ ಯಂತ್ರ ಅದು. ಆದರೆ ನಾಲ್ಕು ವರ್ಷಗಳಿಂದ ಯಾವ ಬಿಲ್ಲೆ ಇಟ್ಟರೂ ಪರದೆಯ ಮೇಲೆ ಅದೇ ಜಾಗದಲ್ಲಿ ಅದೇ ಕಬ್ಬಿಣದ ಗೆರೆ ಏಳುತ್ತಿತ್ತು. ಸಂಶೋಧನೆಗೆಂದು ಬಂದ ಶಶಿರೇಖೆಗೆ ಅದೇ ಅನುಮಾನ.

“ಸರ್, ಒಂದ್ಸಲ ಬಿಲ್ಲೆ ಇಡದೆ ಓಡಿಸಿ ನೋಡೋಣ್ವಾ? ಯಂತ್ರದ ಒಳಗೋಡೆಯಲ್ಲೇ ಕಬ್ಬಿಣ ಇದ್ರೆ?”

“ಖಾಲಿ ಪಾತ್ರೆ ಒಲೆ ಮೇಲಿಟ್ಟು ಅನ್ನ ಬೆಂತಾ ಅಂತ ಯಾರಾದ್ರೂ ನೋಡ್ತಾರೇನಮ್ಮ?” ಎಂದರು ಪ್ರೊಫೆಸರು. “ನಿನಗೆ ಥೀಸಿಸ್ ಬೇಕೋ, ಅನುಮಾನ ಬೇಕೋ, ಒಂದನ್ನ ನೋಡ್ಕೊ.”

ಮತ್ತೆರಡು ಸಲ ಕೇಳಿದಳು. ಅದೇ ಪಾತ್ರೆ, ಅದೇ ಅನ್ನ. ಆಮೇಲೆ ಕೇಳುವುದನ್ನೇ ಬಿಟ್ಟಳು.

ಅನುದಾನ ಕೊಡುವವರ ತಂಡ ದೆಹಲಿಯಿಂದ ಬಂದ ದಿನ ಅವಳು ಬೆಳಿಗ್ಗೆಯೇ ಯಂತ್ರ ಶುರುಮಾಡಿದ್ದಳು. ಮಧ್ಯಾಹ್ನದ ಹೊತ್ತಿಗೆ ಗೆರೆ ಎದ್ದು ನಿಂತಿತು. ಪ್ರೊಫೆಸರು ಕೋಲು ಹಿಡಿದು ನಿಂತರು. ಕಬ್ಬಿಣದ ಪರಮಾಣು ಈ ಬಿಲ್ಲೆಯ ಯಾವ ಸಂದಿಯಲ್ಲಿ ಕೂತಿದೆ, ಯಾಕೆ ಅಲ್ಲೇ ಕೂತಿದೆ, ಅಕ್ಕಪಕ್ಕದವರೊಂದಿಗೆ ಹೇಗೆ ಹೊಂದಿಕೊಂಡಿದೆ ಎಂದು ಅದರ ಜಾತಕವನ್ನೇ ಬಿಡಿಸಿಟ್ಟರು. ಬಂದವರೆಲ್ಲ ತಲೆದೂಗಿದರು.

“ಬಹಳ ಚೆನ್ನಾಗಿದೆ,” ಎಂದರು ತಂಡದ ಹಿರಿಯರು. “ಆ ಬಿಲ್ಲೆಯನ್ನ ಒಮ್ಮೆ ನೋಡಬಹುದಾ?”

“ಅದಕ್ಕೇನಂತೆ. ಶಶಿರೇಖಾ, ಯಂತ್ರ ನಿಲ್ಲಿಸಿ ಬಿಲ್ಲೆ ತೆಗೀಮ್ಮ.”

“ನಿಲ್ಲಿಸೋದೇನೂ ಬೇಡ ಸರ್,” ಎಂದು ಅವಳು ಮೇಜಿನ ಡ್ರಾಯರಿನಿಂದ ಪುಟ್ಟ ಡಬ್ಬಿಯೊಂದನ್ನು ತೆಗೆದು ಹಿರಿಯರ ಕೈಗಿತ್ತಳು. “ಬಿಲ್ಲೆ ಬೆಳಗಿನಿಂದ ಇದರಲ್ಲೇ ಇದೆ.”