ತುಲಾಭಾರಕ್ಕೆ ಜಾಕೆಟ್

"ದೇವರ ಮುಂದೆ ಎಷ್ಟು ಭಾರ ಇದ್ರೆ ಸಾಕು?" ಅಂಗಡಿಯ ಕನ್ನಡಿ ನೋಡುತ್ತ ಶ್ರೀಪತಿರಾಯರು ತಮ್ಮಷ್ಟಕ್ಕೇ ಕೇಳಿಕೊಂಡರು.

ಮನುಷ್ಯರ ಮೈಯೆಲ್ಲ ಹತ್ತಿಯಂತೆ ಹಗುರಾದ ಮೇಲೆ ಭಾರದ ಜಾಕೆಟ್ ತೊಡದವರು ಗಾಳಿಪಟವೇ ಸರಿ. ಬೆಳಗಿನ ವಾಕಿಂಗಿನಲ್ಲಿ ಗೆಳೆಯರೆದುರು ಮೆರೆಯಲು ರಾಯರು ಆಗಲೇ ನಲವತ್ತು ಕೇಜಿಯದನ್ನು ಆರಿಸಿಟ್ಟಿದ್ದರು. ನಾಳೆ ತುಲಾಭಾರದ ತಕ್ಕಡಿಯಲ್ಲಿ ಕೂರಲು ಮಾತ್ರ ಎರಡು ಕೇಜಿಯದು ಸಾಕಂತೆ! ಮೊಮ್ಮಗಳು ಬದುಕಿದರೆ ನನ್ನ ತೂಕದಷ್ಟು ಬೆಲ್ಲ ಒಪ್ಪಿಸುತ್ತೇನೆಂದು ಆಸ್ಪತ್ರೆಯಲ್ಲಿ ಗೋಳಾಡಿದ್ದು ಇದೇ ಬಾಯಲ್ಲವೇ ಎಂದು ಪಕ್ಕದಲ್ಲೇ ನಿಂತಿದ್ದ ಹೆಂಡತಿ ಇಂದಿರಾಬಾಯಿಗೆ ಹೇಸಿಗೆಯಾಯಿತು. ಮಗು ಈಗ ಮನೆತುಂಬ ಓಡಾಡುತ್ತಿತ್ತು.

"ಎರಡು ಕೇಜಿ ಸಾಲದು ಸ್ವಾಮಿ, ಫ್ಯಾನ್ ಹಾಕಿದ್ರೂ ಹಾರ್ತೀರ," ಎಂದ ಅಂಗಡಿಯವನು.

"ಇವಳು ಪಂಚೆ ಹಿಡ್ಕೊಂಡು ನಿಂತಿರ್ತಾಳೆ ಬಿಡಯ್ಯ. ಹಿಡ್ಕೋತೀಯ ತಾನೇ?"

"ಹಾರಿಹೋಗಿ ಬೇಕಾದ್ರೆ," ಎಂದರು ಇಂದಿರಾಬಾಯಿ. "ನಾನಂತೂ ಹಿಡಿಯಲ್ಲ."