ಡಿಕ್ಕಿಯೊಳಗಿನ ಚೀಲ

ಕಾರನ್ನು ಎತ್ತಿ ನಿಲ್ಲಿಸಿದ್ದ ಜಾಕ್ ಜಾರಿ ವಾರಿಜಾಳ ಗಂಡ ಅದರಡಿ ಸತ್ತು ವರ್ಷ ತುಂಬಿತ್ತು. ಆ ಹಳೆಯ ಕಾರಿಗೆ ಮೈದುನನೇ ಗಿರಾಕಿಯನ್ನು ಕರೆತಂದಿದ್ದ.

“ಏನೂ ಮುಚ್ಚಿಡಲ್ಲ ಸಾರ್. ಅಣ್ಣ ಕಾರಿನ ಕೆಳಗೆ ಹೋಗೋ ಮೊದಲು ಚಕ್ರಗಳಿಗೆ ಅಡ್ಡ ಕೊಟ್ಟಿದ್ದು ನಾನೇ. ಕಾರಿನ ಜೊತೆ ಬಂದಿದ್ದ ಮರದ ತುಂಡುಗಳನ್ನೇ ಕೊಟ್ಟಿದ್ದೆ. ಆದರೂ ಉರುಳಿಬಿಡ್ತು. ಅವನ ಹಣೆಬರಹ. ಅಲ್ವಾ ಅತ್ತಿಗೆ?”

ವಾರಿಜಾ ತಲೆಯಾಡಿಸಿದಳು. ಆ ಮಾತನ್ನು ನಂಬಿಯೇ ಅವಳು ಬರುವ ತಿಂಗಳು ಅವನ ಕೈಹಿಡಿಯಲು ಒಪ್ಪಿದ್ದಳು.

ಗಿರಾಕಿಗೆ ಸಾವಿನ ಕತೆ ಬೇಕಿರಲಿಲ್ಲ. ಡಿಕ್ಕಿಯೊಳಗೆ ತಲೆ ತೂರಿಸಿದ್ದವನು ಮೂಲೆಯಿಂದ ಚೀಲವೊಂದನ್ನು ಎಳೆದು ಬಿಚ್ಚಿದ. ಅವನ ಮುಖ ಅರಳಿತು.

“ಇಲ್ಲಿ ನೋಡಿ ಮೇಡಂ! ಮರದ ತುಂಡು ಎರಡೂ ಇವೆ. ಕಂಪನಿಯವರು ಕಟ್ಟಿದ ತಂತಿ, ಹಾಕಿದ ಸೀಲು, ಎಲ್ಲ ಹಾಗೇ ಇದೆ. ಇವನ್ನ ಯಾರೂ ಒಂದು ಸಲವೂ ಬಿಚ್ಚೇ ಇಲ್ಲ!”