ಭರ್ಜಿಯ ಸಾಲು

ಹದಿನಾರು ಅಡಿ ಉದ್ದದ ಹನ್ನೆರಡು ಭರ್ಜಿಗಳು ಒಂದರ ಹಿಂದೊಂದು ಕೆಳಗಿಳಿದವು, ಗಾಳಿಗೆ ಹಳೆಯ ಬೇಲಿ ಮಲಗಿದ ಹಾಗೆ. ಕುದುರೆಯ ಮೇಲೆ ಕೂತಿದ್ದ ನೀನಾ ತಲೆ ಅಲ್ಲಾಡಿಸಿದಳು. ಕೆನಡಾದಲ್ಲೇ ಹುಟ್ಟಿ ಬೆಳೆದ ಅವಳು ಅರೋರಾದಲ್ಲಿ ಕುದುರೆ ಲಾಯ ನಡೆಸುತ್ತಿದ್ದಳು; ಶೋಗೆ ಕುದುರೆ, ಸವಾರರನ್ನು ತರುವವಳು ಅವಳೇ.

"ಸಾರಿ, ಮುಕುಂದ್ ಅಂಕಲ್. ಮಧ್ಯೆ ಗ್ಯಾಪ್ ಕಂಡ್ರೆ ಕುದುರೆ ಒಳಗೇ ನುಗ್ಗತ್ತೆ. ಇಟ್ಸ್ ನಾಟ್ ಸೇಫ್. ಮಧ್ಯಾಹ್ನದ ಶೋಗೆ ನಾವು ಬರಲ್ಲ."

ಮುಕುಂದ್ ಸ್ವಲ್ಪ ತಡಿ ಎಂದು ಕೈಸನ್ನೆ ಮಾಡಿದ. ನಾನೂರು ವರ್ಷದ ಹಿಂದಿನ ಯುರೋಪಿನ ಸಿಪಾಯಿಗಳ ಕವಾಯತನ್ನು ಜನರಿಗೆ ಆಡಿ ತೋರಿಸುವ ಸಂಘ ಕಟ್ಟಿದವನು ಅವನೇ, ಅದರ ಕ್ಯಾಪ್ಟನ್ನೂ ಅವನೇ. ಆದರೆ ಗಂಟಲಿನ ಆಪರೇಷನ್ ಆಗಿ ಹತ್ತು ದಿನವಾಗಿತ್ತು. ತಿಂಗಳು ತುಂಬುವ ತನಕ ಪಿಸುಗುಟ್ಟಲೂ ಕೂಡದೆಂದು ಡಾಕ್ಟರ್ ಹೇಳಿದ್ದರು. ಅವನ ಬದಲು ಸಂಘದವನೊಬ್ಬ ಕಾಗದ ನೋಡಿಕೊಂಡು ಆಜ್ಞೆ ಓದುತ್ತಿದ್ದ. ಪೋರ್ಟ್ ಕ್ರೆಡಿಟ್ಟಿನಲ್ಲಿ ಸರೋವರದ ದಡದ ಆ ಹುಲ್ಲಿನ ಮೈದಾನಕ್ಕೆ ಮೂರು ಗಂಟೆಗೆ ಜನ ಬರುವವರಿದ್ದರು.

ಬೆಂಚಿನ ಮೇಲೆ ಕೂತು ಸಿಪಾಯಿ ಕೋಟಿಗೆ ಗುಂಡಿ ಹೊಲಿಯುತ್ತಿದ್ದ ದಾನವ್ವ ಹಲ್ಲಿನಲ್ಲಿ ದಾರ ಕಡಿದು ಎದ್ದಳು. ಒಶಾವಾದಲ್ಲಿ ಕಾರಿನ ಸೀಟು ಹೊಲಿಯುತ್ತ ಅವಳಿಗೆ ಒಂಬತ್ತು ವರ್ಷ ಕಳೆದಿತ್ತು. ಸಂಘದ ಬಟ್ಟೆ ಹೊಲಿದುಕೊಡುವ ಹೆಂಗಸು ಎಂದಷ್ಟೇ ಎಲ್ಲರೂ ಅವಳನ್ನು ಬಲ್ಲರು.

"ಮುಕುಂದ್, ತಪ್ಪು ಇವರದಲ್ಲ. ಹುಕುಂ ಕೊಡೂದ್ರಾಗ ಐತಿ," ಎಂದಳು. "ಎಲ್ಲಾ ಒಂದ ಉಸುರಿನಾಗ ಹೇಳಿಬಿಟ್ರ ಒಬ್ಬಾಂವ ಮೊದಲ ಇಳಸ್ತಾನ, ಒಬ್ಬಾಂವ ಕಡೀಗೆ. ಮೊದಲ ಎಚ್ಚರಾ ಮಾಡಬೇಕು. ಆಮ್ಯಾಲ ತಡೀಬೇಕು. ಆ ತಡಿಯೂದ್ರಾಗ ಎಲ್ಲಾರೂ ಒಂದಾಗ್ತಾರ."

ಮುಕುಂದ್ ಜೇಬಿನ ಪುಸ್ತಕ ತೆಗೆದು ಬರೆದು ತೋರಿಸಿದ: 'ನಿಮಗೆ ಹೇಗೆ ಗೊತ್ತು, ಮೇಡಂ?'

"ಗದಗಿನಾಗ ಹದಿನೆಂಟು ವರ್ಷ ಡ್ರಿಲ್ ಟೀಚರ್ ಇದ್ದೆ. ಆರ್ನೂರು ಹುಡಿಗ್ಯಾರ ಕೈಯಾಗ ಲೇಜೀಮು ಕೊಟ್ಟು ಒಂದ ಸಪ್ಪಳ ಬರೂಹಂಗ ಮಾಡೀನಿ. ಇವರು ಹನ್ನೆರಡ ಮಂದಿ."

ಒಂಬತ್ತು ವರ್ಷದಲ್ಲಿ ಈ ಮಾತನ್ನು ಅವಳು ಯಾರ ಮುಂದೆಯೂ ಆಡಿರಲಿಲ್ಲ. ಆಡಿದ ಮೇಲೆ ಬೆನ್ನು ತಾನಾಗಿ ನೆಟ್ಟಗಾಯಿತು. ಮುಕುಂದ್ ಅವಳನ್ನೊಮ್ಮೆ ಸಾಲನ್ನೊಮ್ಮೆ ನೋಡಿದ. ಆಜ್ಞೆ ಕೊಡುವವನ ಜಾಗವನ್ನು ಆಪರೇಷನ್ ಆಗುವ ತನಕ ಐದು ವರ್ಷ ಅವನು ಬೇರೆಯವರಿಗೆ ಬಿಟ್ಟುಕೊಟ್ಟಿರಲಿಲ್ಲ. ಕೊನೆಗೆ ತಾನೂ ಒಂದು ಭರ್ಜಿ ಎತ್ತಿಕೊಂಡು ಸಾಲಿನ ತುದಿಗೆ ಹೋಗಿ ನಿಂತ.

ದಾನವ್ವ ಮೊದಲು ಭರ್ಜಿಗಳನ್ನೆಲ್ಲ ಹುಲ್ಲಿನ ಮೇಲೆ ಇಡಿಸಿದಳು. ಬರಿಗೈಯಲ್ಲಿ ಅರ್ಧ ಗಂಟೆ ಹೆಜ್ಜೆ ಹಾಕಿಸಿದಳು. ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಒಂದೇ ಸಲ ತಿಳಿಸಿ ಹೇಳಿದಳು: ಭರ್ಜಿಯ ತುದಿ ನೋಡಬೇಡಿ, ನನ್ನನ್ನೂ ನೋಡಬೇಡಿ, ಪಕ್ಕದವನ ಮೊಣಕೈ ನಿಮ್ಮ ಮೊಣಕೈಗೆ ತಾಗುತ್ತಿರಲಿ, ಕಣ್ಣು ನೇರ ಇರಲಿ. ಆಮೇಲೆ ಅವಳ ಬಾಯಿಂದ ಬಂದದ್ದು ಶಾಲೆಯ ಮೈದಾನದ ಹಳೆಯ ಮಾತುಗಳೇ. "ಸಾವ...ಧಾನ್." ಒಂದು ಉಸಿರಿನಷ್ಟು ತಡೆ. "ಒಂದು. ಎರಡು." ಲಾರಿ ಓಡಿಸುವ ಆರಡಿ ಆಳೊಬ್ಬ ನಕ್ಕ. ಅವನೊಬ್ಬನಿಂದಲೇ ಹತ್ತು ಸಲ ಮಾಡಿಸಿದಳು. ಮತ್ತೆ ಯಾರೂ ನಗಲಿಲ್ಲ. ಆಮೇಲೆ ಭರ್ಜಿ ಎತ್ತಿಸಿ, ಎರಡು ಎಂದೊಡನೆ ಇಳಿಸುವುದನ್ನು ಕಲಿಸಿದಳು. ಊಟದ ಹೊತ್ತಿಗೆ ಹದಿಮೂರು ಭರ್ಜಿಗಳು ಒಂದೇ ಸದ್ದಿನಲ್ಲಿ ಗಾಳಿ ಸೀಳಿ ಇಳಿದವು.

"ಓಕೆ, ಬರ್ತೀನಿ," ಎಂದಳು ನೀನಾ. "ಆದ್ರೆ ಆರ್ಡರ್ ಆಂಟೀನೇ ಕೊಡ್ಬೇಕು."

ಮೂರು ಗಂಟೆಗೆ ಹಗ್ಗದಾಚೆ ನಾನೂರು ಜನ ಸೇರಿದ್ದರು. ಭರ್ಜಿಯವರ ಹಿಂದೆ ಬಂದೂಕಿನವರು ಗುಂಡಿಲ್ಲದೆ ಬರೀ ಮದ್ದು ತುಂಬುತ್ತಿದ್ದರು. ಎದುರಿನಿಂದ ನಾಲ್ಕು ಕುದುರೆಗಳು ಓಡಿ ಬಂದು, ಮೂವತ್ತು ಹೆಜ್ಜೆ ದೂರದ ಸುಣ್ಣದ ಗೆರೆಯಲ್ಲಿ ನಿಲ್ಲಬೇಕು. ಅವು ನಿಂತ ಮೇಲೆ ಭರ್ಜಿ ಇಳಿಯಬೇಕು, ಆಮೇಲೆ ಬಂದೂಕಿನ ಸದ್ದು. ಆದರೆ ಕುದುರೆಗಳು ಇನ್ನೂ ಓಡುತ್ತಿದ್ದಾಗಲೇ ತಪ್ಪಿ ಒಂದು ಬಂದೂಕು ಸಿಡಿಯಿತು. ಮೂರು ಕುದುರೆ ಹೇಗೋ ತಡೆದವು. ನೀನಾಳ ಕಂದು ಕುದುರೆ ಬೆದರಿ ಗೆರೆ ದಾಟಿತು. ಅವಳು ಹಿಂದಕ್ಕೆ ಬಾಗಿ ಲಗಾಮು ಜಗ್ಗಿದರೂ ಅದು ಕೇಳಲಿಲ್ಲ.

ಸಾಲಿನಲ್ಲಿ ಯಾರದೋ ಕಾಲು ಹಿಂದೆ ಸರಿದದ್ದನ್ನು ಸಾಲಿನ ಪಕ್ಕಕ್ಕೆ ನಿಂತಿದ್ದ ದಾನವ್ವ ಕಂಡಳು. ಈಗ ಒಬ್ಬ ಓಡಿದರೆ ಅಲ್ಲೊಂದು ಬಾಗಿಲು ತೆರೆದ ಹಾಗೆ, ಕುದುರೆ ಅದರಲ್ಲೇ ನುಗ್ಗುತ್ತದೆ.

"ಸಾವ...ಧಾನ್."

ಸರಿದ ಕಾಲು ಮುಂದೆ ಬಂತು. ನೆಲ ನಡುಗುತ್ತಿತ್ತು. ಅವಸರ ಮಾಡಿದರೆ ಕೆಟ್ಟಿತು ಎಂದು ಅವಳಿಗೆ ಗೊತ್ತಿತ್ತು. ಬೆಳಿಗ್ಗೆ ತಡೆದಷ್ಟೇ ಹೊತ್ತು ತಡೆದಳು.

"ಒಂದು. ಎರಡು."

ಹದಿಮೂರು ಭರ್ಜಿಗಳು ಒಟ್ಟಿಗೆ ಇಳಿದವು. ಕುದುರೆಯ ಕಣ್ಣಿಗೆ ಅಲ್ಲಿ ಮನುಷ್ಯರಿರಲಿಲ್ಲ, ಗೋಡೆಯಿತ್ತು. ಅದು ಹತ್ತು ಹೆಜ್ಜೆ ದೂರದಲ್ಲಿ ಮುಂಗಾಲು ಊರಿ, ಮಣ್ಣು ಹಾರಿಸಿ, ಸರೋವರದ ಕಡೆ ತಿರುಗಿತು. ನೀರಿನಂಚಿನಲ್ಲಿ ನೀನಾ ಅದನ್ನು ನಿಲ್ಲಿಸಿ, ಕತ್ತು ತಟ್ಟಿ, ಕೈ ಎತ್ತಿ ತೋರಿಸಿದಳು. ಏನೂ ಆಗಿರಲಿಲ್ಲ.

ಹಗ್ಗದಾಚೆ ಜನ ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದರು. ಸಾಲಿನಲ್ಲಿ ಮಾತ್ರ ಒಬ್ಬನೂ ಅಲುಗಲಿಲ್ಲ. ಭಾರಕ್ಕೆ ತೋಳುಗಳು ನಡುಗುತ್ತಿದ್ದವು, ಮುಕುಂದನ ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿತ್ತು, ಅವನ ಕಣ್ಣು ನೇರ ಮುಂದೆ. ವಿಶ್ರಾಮ್ ಎನ್ನುವ ಮಾತು ಇನ್ನೂ ಬಂದಿರಲಿಲ್ಲ. ದಾನವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಾಚಿದ ಭರ್ಜಿಗಳ ಮುಂದೆ ಈ ತುದಿಯಿಂದ ಆ ತುದಿಗೆ, ಶಾಲೆಯ ಮೈದಾನದಲ್ಲಿ ಮಾಡುತ್ತಿದ್ದ ಹಾಗೆ ಸಾಲು ನೋಡುತ್ತ, ನಿಧಾನವಾಗಿ ನಡೆಯತೊಡಗಿದಳು.